ಏಳನೇ ಪಂಜರದ ಇಲಿ

"ರೀ, ನಿಮ್ಮ ಇಲಿರಾಯ ಇವತ್ತು ಎಷ್ಟು ತಿಂದ?" ಎಂದು ಹೆಂಡತಿ ಕೇಳಿದಾಗ, ಗಂಡ ಹಿಡಿದಿದ್ದ ನೀರಿನ ಚಮಚ ಅವಳ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಪ್ರಯೋಗಾಲಯದಲ್ಲಿ ಇಲಿ ಸಾಕುವ ಅವನಂಥ ಬಡಾಯಿಗಾರ ಹದಿನಾಲ್ಕು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ನಿನ್ನೆಯಷ್ಟೇ ಏಳನೇ ಪಂಜರದ ಇಲಿ ಆನೆಯಂತೆ ತಿಂದು ಸಿಂಹದಂತೆ ತೇಗಿತು ಎಂದಿದ್ದ; ಆ ನಗುವಿನಲ್ಲೇ ಅವಳು ಎರಡು ಚಮಚ ನೀರು ಇಳಿಸಿದ್ದಳು.

ಇಲಿಗೆ ಪ್ರಯೋಗಕ್ಕೆಂದು, ಅವಳಿಗೆ ಕ್ಯಾನ್ಸರಿಗೆಂದು, ಇಬ್ಬರಿಗೂ ಹೊಟ್ಟೆಗೆ ವಿಕಿರಣ ಕೊಟ್ಟಿದ್ದರು. ಇಲಿಗೆ ಮಾತ್ರ ಕರುಳಿನ ಒಳಪದರ ಕಾಯುವ ಸೈಟೋಕೈನ್ ಎಂಬ ಪ್ರೋಟೀನಿನ ಚುಚ್ಚುಮದ್ದು ಮೊದಲೇ ಬಿದ್ದಿತ್ತು. ಅವಳ ಕರುಳು ಸುಟ್ಟುಹೋಗಿ, ಊಟ ಬಿಟ್ಟು ಹನ್ನೆರಡು ದಿನವಾಗಿತ್ತು. ಬೆಳಿಗ್ಗೆ ಅವನು ಪ್ರಯೋಗದ ಡಾಕ್ಟರಮ್ಮನ ಮುಂದೆ ಕೈಮುಗಿದು, "ಆ ಮದ್ದು ಒಂದು ತೊಟ್ಟು ಕೊಡಿ ಮೇಡಂ, ಅವಳೂ ಈಗ ಇಲಿಯಷ್ಟೇ ಇದಾಳೆ" ಎಂದಿದ್ದ.

"ಮೊದಲೇ ಕೊಡಬೇಕಿತ್ತಪ್ಪ. ಪದರವೇ ಹೋದ ಮೇಲೆ ಅದು ಏನನ್ನ ಕಾಯುತ್ತೆ?" ಎಂದು ಅವರು ತಲೆ ತಗ್ಗಿಸಿದ್ದರು.

ಆಮೇಲೆ ಪಂಜರ ತೊಳೆಯುವಾಗ, ಬಟ್ಟಲು ಖಾಲಿ ಮಾಡಿದ್ದ ಇಲಿ ಇನ್ನೂ ಬೇಕೆಂದು ಅವನ ಬೆರಳನ್ನೇ ಕಚ್ಚಿತ್ತು. ಜೀವಮಾನದಲ್ಲಿ ಮೊದಲ ಸಲ ಬಡಾಯಿಯಷ್ಟೇ ದೊಡ್ಡ ನಿಜ ಅವನ ಕೈಗೆ ಸಿಕ್ಕಿತ್ತು. ಈಗ ಅವನು ಆ ಬೆರಳನ್ನು ಅವಳಿಗೆ ಕಾಣದಂತೆ ಮಡಚಿಕೊಂಡ.

"ಏನೂ ತಿನ್ನಲಿಲ್ಲ ಕಣೇ. ಒಂದು ಕಾಳೂ ಮುಟ್ಟಲಿಲ್ಲ."

"ಪಾಪ, ಅದಕ್ಕೂ ಸಾಕಾಯ್ತಾ?" ಎಂದು ಅವಳು ಚಮಚವನ್ನು ಮೆಲ್ಲಗೆ ಆಚೆ ತಳ್ಳಿದಳು.