ಪಣವಿಲ್ಲದ ಹಾರಾಟ

“ಅಪ್ಪ, ಒಂದೋ ಆ ವಿಮಾನ ಇಳಿಸು, ಇಲ್ಲಾ ಈ ವಿಮಾನ ಹಾರಿಸು. ಎರಡೂ ಒಟ್ಟಿಗೆ ಆಗಲ್ಲ,” ಎನ್ನುತ್ತ ಜುಸಿಲೇನಿ ಬಾಳೆಹಣ್ಣಿನ ಗಂಜಿಯ ಪುಟ್ಟ ಬಟ್ಟಲನ್ನೂ ಚಮಚವನ್ನೂ ತಂದೆಯ ಮುಂದಿಟ್ಟಳು. ನದಿದಂಡೆಯ ಸಾಂತಾರೆಂ ಪಟ್ಟಣದಲ್ಲಿ, ಗಾಳಿಯಲ್ಲಿ ತೇಲಿಸಿ ಮಕ್ಕಳ ಬಾಯಿಗೆ ತರುವ ತುತ್ತಿಗೆ ‘ಪುಟ್ಟ ವಿಮಾನ’ವೆಂದು ಹೆಸರು, ಈಚೆಗೆ ಮೊಬೈಲಿನೊಳಗೆ ಬಂದ ಜೂಜಿಗೂ ಅದೇ ಹೆಸರು. ಮುದುಕ ಲಿಂಡೊಮಾರ್ ಎರಡನೆಯದರಲ್ಲಿ ಮಗ್ನನಾಗಿದ್ದ.

ಜಗುಲಿಯ ತೂಗುಮಂಚದಲ್ಲಿ ಒರಗಿದ್ದ ಮೊಮ್ಮಗಳು ಮೈತೆಗೆ ಇನ್ನೂ ಎರಡು ತುಂಬಿರಲಿಲ್ಲ. ಜ್ವರ ಬಿಟ್ಟು ಎರಡು ದಿನವಾದರೂ ಮಗು ಆಹಾರದ ಕಡೆ ತಿರುಗಿಯೂ ನೋಡಿರಲಿಲ್ಲ. ಮಧ್ಯಾಹ್ನದೊಳಗೆ ಒಂದಿಷ್ಟಾದರೂ ಹೊಟ್ಟೆಗೆ ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಿ ಪುನಃ ಗ್ಲೂಕೋಸ್ ಏರಿಸಬೇಕೆಂದು ದಾದಿ ಹೇಳಿಹೋಗಿದ್ದಳು. ಹಿಂದಿನ ಸೂಜಿ ಉಳಿಸಿದ ನೀಲಿ ಕಲೆ ಆ ಪುಟ್ಟ ಮುಂಗೈಯಲ್ಲಿ ಮಾಸಿರಲಿಲ್ಲ. ಜುಸಿಲೇನಿ ಒಳಗೆ ಹೋಗಿ ಆಸ್ಪತ್ರೆಗೆಂದು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅಜ್ಜ ಚಮಚವನ್ನು ಮೇಲೆತ್ತಿ ತೇಲಿಸಿದ. ದೋಣಿಗಳ ಮೋಟಾರು ರಿಪೇರಿಯಲ್ಲೇ ಆಯುಷ್ಯ ಸವೆಸಿದವನಾದ್ದರಿಂದ, ಅವನ ಗಂಟಲಿನಿಂದ ಹೊರಟ ಸದ್ದು ದೋಣಿಯದಾಗಿತ್ತೇ ಹೊರತು ವಿಮಾನದ್ದಾಗಿರಲಿಲ್ಲ. ಮಗು ತುಟಿ ಬಿಗಿದುಕೊಂಡಿತು.

“ಅದೇನಪ್ಪ, ದೋಣಿ ಬಂದಂಗಿದೆ,” ಎಂದಳು ಮಗಳು ಒಳಗಿನಿಂದ.

“ವಿಮಾನದ ಎಂಜಿನ್ನು ಯಾರೂ ನನ್ನ ಹತ್ರ ರಿಪೇರಿಗೆ ತಂದಿಲ್ಲ ತಾಯಿ.”

“ಆ ಆಟ ಮುಚ್ಚಿಟ್ಯಾ?”

“ಮುಚ್ಚಿಟ್ಟೆ.”

“ನೀನು ಮುಚ್ಚಿಡೋದು ನಂಗೊತ್ತಿಲ್ವಾ. ಅಮ್ಮ ಇದ್ದಿದ್ರೆ ಆ ಮೊಬೈಲು ನದೀಲಿರ್ತಿತ್ತು.”

“ಅವಳಿದ್ದಿದ್ರೆ ಅದರ ಜೊತೆ ನಾನೂ ಇರ್ತಿದ್ದೆ ಬಿಡು.”

ಮುಚ್ಚಿರಲಿಲ್ಲ. ಆಗತಾನೆ ಪಣವೊಡ್ಡಿದ್ದ. ಆ ಆಟದಲ್ಲಿ ಕೆಂಪು ವಿಮಾನವೊಂದು ನೆಲ ಬಿಟ್ಟೇಳುತ್ತದೆ. ಅದು ಏರಿದಂತೆಲ್ಲ ಒಡ್ಡಿದ ಹಣವೂ ಒಂದೂವರೆ ಪಟ್ಟು, ಎರಡು ಪಟ್ಟು ಎಂದು ಏರುತ್ತದೆ. ವಿಮಾನ ಮಾಯವಾಗುವ ಮುನ್ನ ಗುಂಡಿಯೊತ್ತಿ ಇಳಿದವನಿಗೆ ಗಳಿಕೆ, ಇಳಿಯದವನಿಗೆ ಶೂನ್ಯ. ನೋಡುವವನು ಪಣವೊಡ್ಡಲಿ ಬಿಡಲಿ, ವಿಮಾನಗಳು ಒಂದರ ಹಿಂದೊಂದು ಏಳುತ್ತಲೇ ಇರುತ್ತವೆ. ದಿನಕ್ಕೆ ಹತ್ತೇ ರಿಯಾಲ್, ಎರಡು ಪಟ್ಟಾದೊಡನೆ ಇಳಿಯತಕ್ಕದ್ದು: ಇದು ಲಿಂಡೊಮಾರ್ ತನಗೆ ತಾನೇ ವಿಧಿಸಿಕೊಂಡ ವ್ರತ. ಮನಸ್ಸು ಅದನ್ನು ಒಪ್ಪಿತ್ತು, ಬೆರಳು ಒಪ್ಪಿರಲಿಲ್ಲ. ಎರಡು ಬಂದಾಗ ಅದು ಮೂರಕ್ಕೆ ಕಾಯುತ್ತಿತ್ತು. ಸೋತಾಗ ಸಿಟ್ಟಿನಿಂದ ಇನ್ನೊಂದು ಹತ್ತನ್ನು ಹೂಡುತ್ತಿತ್ತು.

ವಿಮಾನ ಮೇಲೆದ್ದಿತು. ಎಡಗೈಯ ಮೊಬೈಲು ಮಗುವಿನತ್ತ ವಾಲಿತ್ತು. ಕೆಂಪು ಚುಕ್ಕೆ ಓರೆಯಾಗಿ ಏರುವುದನ್ನು ಕಂಡ ಮೈತೆ ಕತ್ತೆತ್ತಿದಳು. ಅದು ತನ್ನ ಬಳಿಗೇ ಬರುತ್ತಿದೆಯೆಂದು ನಂಬಿ ಬಾಯಿ ತೆರೆದಳು. ಅಂಕೆ ಎರಡನ್ನು ಮುಟ್ಟಿತು. ಬಲಗೈಯಲ್ಲಿ ಚಮಚವಿತ್ತು, ಅದನ್ನು ಕೆಳಗಿಡದೆ ಗುಂಡಿಯೊತ್ತುವಂತಿರಲಿಲ್ಲ. ಲಿಂಡೊಮಾರ್ ತುತ್ತನ್ನು ಬಾಯಿಗಿಟ್ಟ. ತಿರುಗಿ ನೋಡುವಷ್ಟರಲ್ಲಿ ವಿಮಾನವೂ ಹತ್ತು ರಿಯಾಲೂ ಹೋಗಿದ್ದವು. ಮಗು ನುಂಗಿತು. ಪರದೆ ಬರಿದಾದೊಡನೆ ಬಾಯಿ ಮತ್ತೆ ಮುಚ್ಚಿತು.

ಬೆರಳು ಅಭ್ಯಾಸದಂತೆ ಇನ್ನೊಂದು ಹತ್ತಕ್ಕಾಗಿ ಮುಂದೆ ಚಾಚಿತು. ಹಣ ಹೂಡಿದರೆ ಕಣ್ಣು ಅಂಕೆಯ ಮೇಲೆ ನಿಲ್ಲುತ್ತದೆ, ಮಗುವಿನ ಬಾಯಿಯ ಮೇಲಲ್ಲ. ಮುದುಕ ಬೆರಳನ್ನು ಮಡಚಿ ಚಮಚದ ಹಿಡಿಗೆ ಸುತ್ತಿದ. ಮುಂದಿನ ವಿಮಾನವನ್ನು ಪಣವಿಲ್ಲದೆ, ಫಲದ ಆಸೆಯಿಲ್ಲದೆ ಬರಿದೇ ನೋಡತೊಡಗಿದ. ಅದು ಏರಿತು, ಬಾಯಿ ತೆರೆಯಿತು, ತುತ್ತು ಹೋಯಿತು. ಅದರಾಚೆಯದು ಏಳುತ್ತಲೇ ಅಳಿಯಿತು. ಗಂಜಿ ಮಗುವಿನ ಗದ್ದದ ಮೇಲೆ ಸುರಿಯಿತು.

“ಸ್ವಲ್ಪ ತಾಳೋ ಮಾರಾಯ,” ಎಂದು ಅವನು ವಿಮಾನವನ್ನು ಬೇಡಿಕೊಂಡ. ತನ್ನದೆಂಬ ಕಾಸೊಂದೂ ಇಲ್ಲದ ವಿಮಾನಕ್ಕಾಗಿ ಅವನ ಎದೆ ಹೀಗೆ ಹೊಡೆದುಕೊಂಡದ್ದು ಇದೇ ಮೊದಲು.

ಮುಂದಿನದು ತಾಳಿತು. ಐದಾಯಿತು, ಹತ್ತಾಯಿತು, ಇಪ್ಪತ್ತನ್ನು ದಾಟಿತು. ಲಿಂಡೊಮಾರ್ ಅಂಕೆಗಳನ್ನು ನೋಡಲಿಲ್ಲ. ತುತ್ತಿನ ಹಿಂದೆ ತುತ್ತನ್ನು ಕೊಡುತ್ತ ಬಟ್ಟಲಿನ ತಳವನ್ನು ಕೆರೆಯುತ್ತಿದ್ದ.

ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಬಂದ ಜುಸಿಲೇನಿಯ ಕಣ್ಣಿಗೆ ಮೊದಲು ಬಿದ್ದದ್ದು ಪರದೆ. ಅವಳು ಬಾಗಿಲಲ್ಲೇ ನಿಂತಳು.

“ನಲವತ್ತು ಪಟ್ಟಾ? ಅಪ್ಪ, ಇದರಲ್ಲಿ ನಿಂದು ಎಷ್ಟಿತ್ತು?”

ಮುದುಕ ತನ್ನ ಅಂಗಿಯ ತುದಿಯಿಂದ ಮಗುವಿನ ಗದ್ದ ಒರೆಸಿ, ಖಾಲಿ ಬಟ್ಟಲನ್ನು ಮಗಳತ್ತ ಚಾಚಿದ.

“ದುಡ್ಡಿರಲಿಲ್ಲಮ್ಮ. ಐದು ತುತ್ತಿತ್ತು.”