ಘಮವಿಲ್ಲದ ಜೀರಿಗೆ

ಮೈದುನ ಜೀರಿಗೆ ಡಬ್ಬಿಯೊಳಗೆ ಮೂಗು ತೂರಿಸಿ ಜೋರಾಗಿ ಉಸಿರೆಳೆದ. ಅವನ ಮುಖ ಬಾಡಿತು. "ಅತ್ತಿಗೆ, ಏನೂ ವಾಸನೆ ಬರ್ತಿಲ್ಲ."

ಮೊದಲ ಸಲ ಬೇರೆ ಮನೆ ಮಾಡಿ ಅಡುಗೆ ಕಲಿಯಲು ಹೊರಟವನಿಗೆ ಸಂಬಾರ ಪದಾರ್ಥವನ್ನೆಲ್ಲ ತಾನೇ ತುಂಬಿಸಿಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದವಳು ಅತ್ತಿಗೆಯೇ. ಆದರೆ ಹೊಸದಾಗಿ ತಂದದ್ದನ್ನು ತನಗಿಟ್ಟುಕೊಂಡು, ಅಟ್ಟದಲ್ಲಿ ಘಮವೆಲ್ಲ ಹಾರಿಹೋಗಿ ಬಿದ್ದಿದ್ದ ಜೀರಿಗೆ, ಚಕ್ಕೆ, ಲವಂಗ, ಒಣ ಪುದೀನವನ್ನು ಥಳಥಳಿಸುವ ಡಬ್ಬಿಗಳಿಗೆ ಸುರಿದು ತಂದಿದ್ದಳು. ನೀರು ಕಾಯಿಸಲೂ ಬಾರದವನಿಗೆ ಇದೇ ಹೆಚ್ಚು ಅನ್ನಿಸಿತ್ತು.

"ಸರಿಯಾಗಿ ಮೂಸು, ಘಮ್ಮಂತಿದೆ," ಎಂದುಬಿಟ್ಟಳು.

ಅವನು ಚಕ್ಕೆ ಮೂಸಿದ, ಲವಂಗ ಮೂಸಿದ. ಮೆಲ್ಲಗೆ ಮುಚ್ಚಳ ಹಾಕಿದ. "ಹಾಗಾದ್ರೆ ಹೋಗೇಬಿಡ್ತು ಬಿಡಿ. ಹೋದ ವರ್ಷ ಜ್ವರ ಬಂದಾಗಿನಿಂದ ನಂಗೆ ಯಾವ ವಾಸನೆನೂ ಗೊತ್ತಾಗ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮೊನ್ನೆ ಸ್ನಾನದ ಸೋಪಿನ ವಾಸನೆ ಬಂದ ಹಾಗಾಯ್ತು. ಆ ಖುಷೀಲೇ ಅಡುಗೆ ಶುರು ಮಾಡೋಣ ಅಂದ್ಕೊಂಡೆ. ಸುಮ್ನೆ ಆಸೆಪಟ್ಟೆ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ತನ್ನ ಚೀಲಕ್ಕೆ ಹಾಕತೊಡಗಿದಳು. "ನಿನ್ನ ಮೂಗಿಗೆ ಏನೂ ಆಗಿಲ್ಲ ಕಣೋ. ಇದೆಲ್ಲ ಹಳೇದು. ಗೊತ್ತಿದ್ದೂ ತಂದುಕೊಟ್ಟೆ. ಹೊಸದು ನಮ್ಮನೇಲಿದೆ, ತರ್ತೀನಿ."

ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು. ಅವನು "ನಿಜವಾಗ್ಲೂ, ಅತ್ತಿಗೆ?" ಎನ್ನುತ್ತ ಕಣ್ಣೊರೆಸಿಕೊಂಡು ಮಗುವಿನಂತೆ ನಕ್ಕ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.