ಡಾಕ್ಟರ್ ಯಾಕಾಗಬೇಕು?

ವೈದ್ಯಕೀಯ ಕಾಲೇಜಿನ ಸಂದರ್ಶನ ಮುಗಿಸಿ ಬಂದಾಗಿನಿಂದ ಸುನಂದಾಳಿಗೆ ಊಟ ಸೇರುತ್ತಿರಲಿಲ್ಲ. ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದ ಅವ್ವ ಅವಳನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ಸೀಟು ಸಿಗದಿದ್ರ ಬಿಡು. ಅದಕ್ಕ್ಯಾಕ ಹೊಟ್ಟಿ ಒಣಗಿಸ್ತಿ?"

"ಸಿಕ್ಕರೂ ಅಂಜಿಕೀನ ಅವ್ವಾ."

"ಹುಚ್ಚಿ. ಏನ್ ಕೇಳಿದ್ರು ಅವ್ರು?"

"ಡಾಕ್ಟರ್ ಯಾಕ ಆಗ್ಬೇಕು ಅಂತ ಕೇಳಿದ್ರು."

"ಮಂದಿ ಸೇವಾ ಮಾಡಾಕ ಅನ್ಬೇಕಿತ್ತು."

"ನನಗಿಂತ ಮುಂದ ಹೋದೋರೆಲ್ಲಾ ಅದನ್ನ ಅಂದು ಬಂದಿದ್ರು. ಅಷ್ಟ ಅಂದ್ರ ಸಾಲೂದಿಲ್ಲ ಅನಿಸ್ತು ನನಗ."

"ಮತ್ತ ನೀ ಏನಂದಿ?"

ಸುನಂದಾ ಶೇಂಗಾ ಸಿಪ್ಪೆಯೊಂದನ್ನು ಉಗುರಿನಿಂದ ಪುಡಿ ಮಾಡುತ್ತ ಕುಳಿತಳು.

"ನಾ ಹುಟ್ಟೂವಾಗ ಡಾಕ್ಟರ್ ಸಿಗದ ನಮ್ಮವ್ವ ತೀರಿಕೊಂಡ್ಲು ಅಂದೆ. ಪ್ರಶ್ನಿ ಕೇಳಿದ ಮೇಡಮ್ಮಾರ ಕಣ್ಣಾಗ ನೀರು ಬಂತು."

ಅವ್ವನ ಕೈ ನಿಂತಿತು. ಆಮೇಲೆ ಮಗಳ ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಕಾಲೇಜಿಗೆ ಹೆಸರು ಹಚ್ಚೂ ದಿನ ನಾ ನಿನ್ನ ಚಿಗವ್ವ ಅಂತ ಹೇಳ್ಕೊಂಡು ಬರ್ತೀನಿ ತಗೋ."